ಗುಳಿಗೆಯೊಳಗೆ ಧರ್ಮ ಎಷ್ಟು? ಟಿಬೆಟಿ ವೈದ್ಯದ ಬಗ್ಗೆ ಒಂದು ಪತ್ರಕ್ಕೆ ಉತ್ತರ

ಪ್ರಶ್ನೆ: ನಾವು ಪಿರಿಯಾಪಟ್ಟಣ ತಾಲ್ಲೂಕಿನವರು. ನನ್ನ ಅತ್ತೆಯವರಿಗೆ 61 ವರ್ಷ. ಆರು ವರ್ಷಗಳಿಂದ ರುಮಟಾಯ್ಡ್ ಸಂಧಿವಾತದಿಂದ ನರಳುತ್ತಿದ್ದಾರೆ. ಮೈಸೂರಿನ ವೈದ್ಯರು ಪ್ರತಿ ಭಾನುವಾರ ಮೆಥೊಟ್ರೆಕ್ಸೇಟ್ ಗುಳಿಗೆ ತೆಗೆದುಕೊಳ್ಳಲು ಹೇಳಿದ್ದಾರೆ. ಎರಡು ತಿಂಗಳಿಂದ ಅತ್ತೆಯವರು ಬೈಲುಕುಪ್ಪೆಯ ಟಿಬೆಟಿ ವೈದ್ಯರ ಬಳಿಗೂ ಹೋಗುತ್ತಿದ್ದಾರೆ. ಅಲ್ಲಿಯ ಕಂದು ಬಣ್ಣದ ಗುಳಿಗೆಗಳಿಂದ ಬೆಳಗಿನ ಬಿಗಿತ ಕಡಿಮೆಯಾಗಿದೆ ಎನ್ನುತ್ತಾರೆ. ಇದರ ಜೊತೆಗೆ ಪರಿಚಯದವರೊಬ್ಬರು ಬಣ್ಣದ ರೇಷ್ಮೆ ಬಟ್ಟೆಯಲ್ಲಿ ಕಟ್ಟಿದ ‘ರಿಂಚೆನ್’ ಗುಳಿಗೆ ಎರಡನ್ನು ತಂದುಕೊಟ್ಟಿದ್ದಾರೆ. ಅದನ್ನು ಮಂತ್ರ ಹೇಳಿ ನುಂಗಬೇಕಂತೆ. ಪಕ್ಕದ ಮನೆಯವರು ಇದು ಲಾಮಾಗಳು ಮಂತ್ರಿಸಿದ ಮದ್ದು, ನುಂಗಿದರೆ ಅವರ ಧರ್ಮಕ್ಕೆ ಸೇರಿದ ಹಾಗೆ ಎಂದು ಹೆದರಿಸುತ್ತಾರೆ. ನನ್ನ ಯಜಮಾನರು ಇದೆಲ್ಲ ನಮ್ಮ ಆಯುರ್ವೇದವೇ, ಹೆಸರಷ್ಟೇ ಬೇರೆ ಎನ್ನುತ್ತಾರೆ. ಗುಳಿಗೆ ತಂದವರು ಸಾಕ್ಷಾತ್ ಬುದ್ಧನೇ 2,500 ವರ್ಷಗಳ ಹಿಂದೆ ಉಪದೇಶಿಸಿದ ವೈದ್ಯ, ಅಡ್ಡಪರಿಣಾಮ ಇಲ್ಲವೇ ಇಲ್ಲ, ಈ ನೋವು ಪೂರ್ವಜನ್ಮದ ಕರ್ಮ, ಇಂಗ್ಲಿಷ್ ಔಷಧಿಗೆ ಬಗ್ಗುವುದಲ್ಲ ಎಂದರಂತೆ. ಆ ಮಾತು ಕೇಳಿ ಅತ್ತೆಯವರು ಮೂರು ಭಾನುವಾರದಿಂದ ಮೆಥೊಟ್ರೆಕ್ಸೇಟ್ ಬಿಟ್ಟಿದ್ದಾರೆ ಎಂದು ನನಗೆ ನಿನ್ನೆ ಗೊತ್ತಾಯಿತು. ಯಾರ ಮಾತು ನಿಜ? ನಾವು ಏನು ಮಾಡಬೇಕು?

ಉತ್ತರ: ನೀವು ಕೇಳಿದ ಪ್ರಶ್ನೆಗಳು ಹಲವು. ಅವುಗಳ ಬುಡದಲ್ಲಿರುವ ಆತಂಕ ಮಾತ್ರ ಒಂದೇ. ಈ ಔಷಧದೊಳಗೆ ಧರ್ಮ ಎಷ್ಟಿದೆ, ಇರುವ ಧರ್ಮ ಅತ್ತೆಯವರನ್ನು ಕಾಯುತ್ತದೆಯೋ ಅಥವಾ ಅವರ ನಂಬಿಕೆಯನ್ನು ಕದಲಿಸುತ್ತದೆಯೋ ಎಂಬುದು ನಿಮ್ಮ ಮನೆಯಲ್ಲಿ ಎಲ್ಲರನ್ನೂ ಕಾಡುತ್ತಿದೆ. ನಾನು ಮೂವತ್ತು ವರ್ಷಗಳಿಂದ ಆಯುರ್ವೇದ ವೈದ್ಯವೃತ್ತಿಯಲ್ಲಿದ್ದೇನೆ. ಅದರ ಜೊತೆಯಲ್ಲೇ ಭಾರತದ ಮತ್ತು ಟಿಬೆಟ್‌ನ ವೈದ್ಯಗ್ರಂಥಗಳ ಚರಿತ್ರೆಯನ್ನು ಓದಿಕೊಂಡು ಬಂದಿದ್ದೇನೆ. ಬೈಲುಕುಪ್ಪೆಗೂ ಹೋಗಿ ಬರುವ ರೋಗಿಗಳು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ. ಹಾಗಾಗಿ ಚರಿತ್ರೆಯಿಂದಲೇ ಆರಂಭಿಸುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಮಾತು: ಈ ಉತ್ತರವನ್ನು ಪೂರ್ತಿ ಓದುವ ಮುನ್ನ ಮೈಸೂರಿನ ವೈದ್ಯರಿಗೆ ಫೋನ್ ಮಾಡಿ, ಮೂರು ವಾರ ಗುಳಿಗೆ ತಪ್ಪಿದೆ ಎಂದು ತಿಳಿಸಿ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಬುದ್ಧನೇ ಉಪದೇಶಿಸಿದ ವೈದ್ಯ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಟಿಬೆಟಿ ವೈದ್ಯದ ಮೂಲಗ್ರಂಥಕ್ಕೆ ‘ಗ್ಯೂಶಿ’ ಎಂದು ಹೆಸರು, ಅಂದರೆ ನಾಲ್ಕು ತಂತ್ರಗಳು. ಮೂಲ, ವಿವರಣೆ, ಉಪದೇಶ, ಉತ್ತರ ಎಂಬ ನಾಲ್ಕು ಭಾಗಗಳಲ್ಲಿ ಒಟ್ಟು 156 ಅಧ್ಯಾಯಗಳು. ಗ್ರಂಥ ತೆರೆದುಕೊಳ್ಳುವುದು ತನಾದುಕ್ ಎಂಬ ನಗರದಲ್ಲಿ. ‘ನೋಡಲು ಚೆಲುವಾದದ್ದು’ ಎಂದು ಆ ಹೆಸರಿನ ಅರ್ಥ, ನಮ್ಮ ‘ಸುದರ್ಶನ’ದ ಹಾಗೆ. ನಗರದ ಸುತ್ತ ನಾಲ್ಕು ಬೆಟ್ಟಗಳಿವೆ. ದಕ್ಷಿಣದ ವಿಂಧ್ಯದಲ್ಲಿ ಮೆಣಸು, ಹಿಪ್ಪಲಿಯಂಥ ಉಷ್ಣವೀರ್ಯದ ಮದ್ದುಗಳು, ಉತ್ತರದ ಹಿಮವತ್ಪರ್ವತದಲ್ಲಿ ಚಂದನ, ಕರ್ಪೂರದಂಥ ತಂಪು ಮದ್ದುಗಳು. ಪೂರ್ವದ ಗಂಧಮಾದನ ಅಳಲೆಕಾಯಿಯ ಕಾಡು. ಪಶ್ಚಿಮದಲ್ಲಿ ಮಲಯ. ನಡುವೆ ವೈಡೂರ್ಯದ ನೀಲಿಬಣ್ಣದ ಭೈಷಜ್ಯಗುರು ಬುದ್ಧ ಕುಳಿತಿದ್ದಾನೆ. ನಿಮ್ಮೂರಿನ ಹತ್ತಿರದ ಬೌದ್ಧ ಮಂದಿರಗಳ ಚಿತ್ರಗಳಲ್ಲಿ ನೀವು ಅವನನ್ನು ನೋಡಿರಬಹುದು. ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಅಳಲೆಯ ರೆಂಬೆ. ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಅದೇ ಅಳಲೆಕಾಯಿ.

ಆದರೆ ಈ ನೀಲಿ ಬುದ್ಧ 2,500 ವರ್ಷಗಳ ಹಿಂದೆ ಮಗಧದಲ್ಲಿ ನಡೆದಾಡಿದ ಶಾಕ್ಯಮುನಿಯಲ್ಲ. ಮಹಾಯಾನದ ಒಂದು ಸೂತ್ರದಲ್ಲಿ ಬರುವ ಬೇರೊಬ್ಬ ಬುದ್ಧ. ಆ ಸೂತ್ರದಲ್ಲಿ ಅವನು ತೊಟ್ಟ ಹನ್ನೆರಡು ಸಂಕಲ್ಪಗಳು ಇವೆ, ರೋಗಿಗಳ ನೋವು ನೀಗಲಿ ಎಂಬ ಹರಕೆ ಇದೆ. ಕಷಾಯ ಕಾಯಿಸುವ ಕ್ರಮವಾಗಲಿ ನಾಡಿ ನೋಡುವ ವಿಧಾನವಾಗಲಿ ಅಲ್ಲಿಲ್ಲ. ವೈದ್ಯಶಾಸ್ತ್ರವನ್ನು ಅವನ ಬಾಯಿಂದ ಹೇಳಿಸಿದ್ದು ಗ್ಯೂಶಿ. ಗ್ಯೂಶಿಗೆ ಇಂದು ನಾವು ಕಾಣುವ ರೂಪ ಬಂದದ್ದು 12ನೇ ಶತಮಾನದಲ್ಲಿ, ಯುಥೋಕ್ ಯೋಂತೆನ್ ಗೋನ್ಪೊ ಎಂಬ ಟಿಬೆಟಿ ವೈದ್ಯನ ಕೈಯಲ್ಲಿ. ಸಂಪ್ರದಾಯದ ಕಥೆ ಬೇರೆ ಇದೆ. 8ನೇ ಶತಮಾನದಲ್ಲಿ ವೈರೋಚನ ಎಂಬ ಅನುವಾದಕ ಇದನ್ನು ಸಂಸ್ಕೃತದಿಂದ ಟಿಬೆಟಿ ಭಾಷೆಗೆ ತಂದ, ಕಾಲ ಪಕ್ವವಾಗಿಲ್ಲವೆಂದು ಸಾಮ್ಯೆ ವಿಹಾರದ ಕಂಬದಲ್ಲಿ ಬಚ್ಚಿಡಲಾಯಿತು, 11ನೇ ಶತಮಾನದಲ್ಲಿ ಅದು ಹೊರಬಂದಿತು ಎನ್ನುತ್ತದೆ ಆ ಕಥೆ. ಮೂಲವೆನ್ನಲಾದ ಸಂಸ್ಕೃತ ಪ್ರತಿ ಮಾತ್ರ ಎಲ್ಲಿಯೂ ಸಿಕ್ಕಿಲ್ಲ.

ಇದನ್ನು ಹೊರಗಿನ ವಿದ್ವಾಂಸರು ಕೆದಕಿ ತೆಗೆದ ದೋಷ ಎಂದು ಭಾವಿಸಬೇಡಿ. ಟಿಬೆಟಿ ವೈದ್ಯರೇ ಶತಮಾನಗಳ ಕಾಲ ಈ ಪ್ರಶ್ನೆಯ ಮೇಲೆ ವಾದ ಮಾಡಿದ್ದಾರೆ. ಗ್ಯೂಶಿ ಬುದ್ಧವಚನವೋ ಮನುಷ್ಯರು ರಚಿಸಿದ ಶಾಸ್ತ್ರವೋ? ಸಂಸ್ಕೃತದ ಹಳೆಯ ವೈದ್ಯಗ್ರಂಥಗಳಲ್ಲಿ ಇಲ್ಲದ ನಾಡಿಪರೀಕ್ಷೆ ಇಲ್ಲಿಗೆ ಹೇಗೆ ಬಂತು? ಟಿಬೆಟಿನ ಎತ್ತರದ ನೆಲದ ಆಹಾರ, ಗಿಡಮೂಲಿಕೆಗಳು ಭಾರತದಲ್ಲಿ ಉಪದೇಶವಾದ ಗ್ರಂಥದಲ್ಲಿ ಏಕಿವೆ? 16ನೇ ಶತಮಾನದಲ್ಲಿ ಝುರ್ಖಾರ್ ಲೋಡ್ರೋ ಗ್ಯಾಲ್ಪೊ ಎಂಬ ದೊಡ್ಡ ವೈದ್ಯ ಈ ಜಗಳಕ್ಕೆ ಮೂರು ಪದರದ ಉತ್ತರ ಕೊಟ್ಟ. ಹೊರಗಿನ ನೋಟಕ್ಕೆ ಇದು ಬುದ್ಧವಚನ, ಒಳಗಿನ ನೋಟಕ್ಕೆ ಭಾರತದ ಪಂಡಿತರ ಶಾಸ್ತ್ರ, ಗುಟ್ಟಿನ ನೋಟಕ್ಕೆ ಟಿಬೆಟಿಯರದೇ ಶಾಸ್ತ್ರ ಎಂಬುದು ಅವನ ನಿಲುವು. ತನ್ನ ಪರಂಪರೆಯನ್ನು ಪ್ರೀತಿಸುತ್ತಲೇ ಹೀಗೆ ಹೇಳುವ ಎದೆಗಾರಿಕೆ ಅವನಿಗಿತ್ತು. ಆದ್ದರಿಂದ ‘ಬುದ್ಧನೇ ಹೇಳಿದ್ದು, ಮರುಮಾತಿಲ್ಲ’ ಎಂದು ಯಾರಾದರೂ ಅತ್ತೆಯವರಿಗೆ ಹೇಳಿದರೆ, ಟಿಬೆಟಿ ವೈದ್ಯರೇ ಆ ಮಾತನ್ನು ಅಷ್ಟು ಸಲೀಸಾಗಿ ಒಪ್ಪಿರಲಿಲ್ಲ ಎಂಬುದು ನಿಮಗೆ ನೆನಪಿರಲಿ.

ಇನ್ನು ನಿಮ್ಮ ಯಜಮಾನರ ಮಾತು. ಅವರು ಹೇಳುವುದರಲ್ಲಿ ದೊಡ್ಡ ಸತ್ಯವಿದೆ. 11ನೇ ಶತಮಾನದ ಸುಮಾರಿಗೆ ಮಹಾನುವಾದಕ ರಿಂಚೆನ್ ಝಾಂಗ್ಪೊ ವಾಗ್ಭಟನ ಆಯುರ್ವೇದಗ್ರಂಥ ಅಷ್ಟಾಂಗಹೃದಯವನ್ನು, ಅದರ ಮೇಲಿನ ಚಂದ್ರನಂದನನ ವ್ಯಾಖ್ಯಾನವನ್ನು ಭಾರತದ ಪಂಡಿತರ ನೆರವಿನಿಂದ ಟಿಬೆಟಿ ಭಾಷೆಗೆ ತಂದ. ಗ್ಯೂಶಿಯ ಪುಟಗಟ್ಟಲೆ ಭಾಗಗಳು ಅಲ್ಲಿಂದಲೇ ಬಂದಿವೆ. ಗ್ಯೂಶಿಗೆ ಹೇಳಲಾಗುವ ಸಂಸ್ಕೃತ ಹೆಸರಿನಲ್ಲಿಯೇ ‘ಹೃದಯ’, ‘ಅಷ್ಟಾಂಗ’ ಎರಡೂ ಪದಗಳು ಕುಳಿತಿವೆ: ಅಮೃತಹೃದಯಾಷ್ಟಾಂಗಗುಹ್ಯೋಪದೇಶತಂತ್ರ. ವಾತ, ಪಿತ್ತ, ಕಫ ಅಲ್ಲಿ ಲುಂಗ್, ಟ್ರಿಪಾ, ಬೇಕೆನ್ ಆಗಿವೆ. ಹೀಗಾಗಿ ಟಿಬೆಟಿ ವೈದ್ಯರೊಬ್ಬರ ಜೊತೆ ಪಥ್ಯದ ಬಗ್ಗೆ ಮಾತನಾಡುವಾಗ ನನಗೆ ದೂರದ ಸಂಬಂಧಿಯೊಬ್ಬರ ಮನೆಯಲ್ಲಿ ಊಟಕ್ಕೆ ಕುಳಿತ ಹಾಗೆ ಅನ್ನಿಸುತ್ತದೆ. ಅಡುಗೆ ಬೇರೆಯಾದರೂ ಒಗ್ಗರಣೆಯ ವಾಸನೆ ಗೊತ್ತಾಗುತ್ತದೆ.

ಆದರೂ ‘ಹೆಸರಷ್ಟೇ ಬೇರೆ’ ಎಂದರೆ ತಪ್ಪಾಗುತ್ತದೆ. ನಾಡಿ ಹಿಡಿದು ರೋಗ ನಿರ್ಣಯಿಸುವುದು ಚರಕ, ಸುಶ್ರುತ, ವಾಗ್ಭಟರಲ್ಲಿ ಇಲ್ಲ. ನಮ್ಮ ಆಯುರ್ವೇದಕ್ಕೂ ಅದು ತಡವಾಗಿ, ಶಾರ್ಙ್ಗಧರ ಸಂಹಿತೆಯ ಕಾಲಕ್ಕೆ ಬಂದದ್ದು. ಗ್ಯೂಶಿಯ ನಾಡಿಪರೀಕ್ಷೆಯಲ್ಲಿ ಚೀನೀ ವೈದ್ಯದ ಗುರುತುಗಳು ಸ್ಪಷ್ಟವಾಗಿವೆ. 7ನೇ ಶತಮಾನದ ಸೋಂಗ್ತ್ಸೆನ್ ಗಂಪೊ ದೊರೆಯ ಆಸ್ಥಾನಕ್ಕೆ ಭಾರತ, ಚೀನಾ ಮತ್ತು ಪಶ್ಚಿಮದೇಶಗಳಿಂದ ಮೂವರು ವೈದ್ಯರು ಬಂದರೆಂದು ಟಿಬೆಟಿ ಚರಿತ್ರೆಗಳು ಹೇಳುತ್ತವೆ. ಭಾರತದವನ ಹೆಸರು ಭಾರದ್ವಾಜ, ಪಶ್ಚಿಮದವನ ಹೆಸರು ಗಾಲೆನೋಸ್. ಗಾಲೆನೋಸ್ ಎಂದರೆ ಗ್ರೀಕರ ಪ್ರಸಿದ್ಧ ವೈದ್ಯ ಗ್ಯಾಲೆನ್, ಅವನು ತೀರಿಕೊಂಡು ಅಷ್ಟರಲ್ಲಿ ನಾಲ್ಕು ಶತಮಾನ ಕಳೆದಿತ್ತು. ಹಾಗಾಗಿ ಇವು ವ್ಯಕ್ತಿಗಳ ಹೆಸರಲ್ಲ, ಪರಂಪರೆಗಳ ಹೆಸರು. ಟಿಬೆಟಿಯರು ತಮ್ಮ ವೈದ್ಯಕ್ಕೆ ಮೂರು ದಿಕ್ಕಿನ ನೀರು ಹರಿದು ಬಂದಿದೆ ಎಂದು ತಾವೇ ನೆನಪಿಟ್ಟುಕೊಂಡ ಬಗೆ ಇದು. ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ಟಿಬೆಟಿ ಹಸ್ತಪ್ರತಿಗಳಲ್ಲಿ ಗ್ಯೂಶಿಗಿಂತ ಹಳೆಯ ವೈದ್ಯದ ಹಾಳೆಗಳೂ ಇವೆ. ಅವುಗಳಲ್ಲಿ ಮೈಮೇಲೆ ಗೊತ್ತಾದ ಜಾಗಗಳನ್ನು ಸುಡುವ ಚಿಕಿತ್ಸೆ ಇದೆ, ಮದ್ದುಗಳ ಪಟ್ಟಿ ಇದೆ, ಬೌದ್ಧ ತತ್ತ್ವ ತೀರ ಕಡಿಮೆ. ಬೌದ್ಧಧರ್ಮಕ್ಕಿಂತ ಹಿಂದಿನದೆಂದು ಹೇಳಿಕೊಳ್ಳುವ ಬೋನ್ ಧರ್ಮದವರು ಈ ವೈದ್ಯ ಮೂಲತಃ ತಮ್ಮದೇ ಎನ್ನುತ್ತಾರೆ. ಅವರಲ್ಲಿಯೂ ಗ್ಯೂಶಿಯನ್ನೇ ಹೋಲುವ ಒಂದು ಗ್ರಂಥವಿದೆ.

ಹಾಗಾದರೆ ಬೌದ್ಧಧರ್ಮ ಈ ವೈದ್ಯಕ್ಕೆ ಕೊಟ್ಟದ್ದೇನು? ಬಹಳ ಕೊಟ್ಟಿದೆ, ಅದನ್ನು ಸಣ್ಣದು ಮಾಡಲು ನನಗೆ ಮನಸ್ಸಿಲ್ಲ. ರೋಗದ ಬೇರನ್ನು ಗ್ಯೂಶಿ ಅವಿದ್ಯೆಯಲ್ಲಿ ಕಾಣುತ್ತದೆ. ಅವಿದ್ಯೆಯಿಂದ ರಾಗ, ದ್ವೇಷ, ಮೋಹ. ರಾಗದಿಂದ ಲುಂಗ್ ಕೆರಳುತ್ತದೆ, ದ್ವೇಷದಿಂದ ಟ್ರಿಪಾ, ಮೋಹದಿಂದ ಬೇಕೆನ್. ಇದು ದೋಷಗಳ ಸಿದ್ಧಾಂತಕ್ಕೆ ಬೌದ್ಧರು ಹಾಕಿದ ತಳಪಾಯ. ವೈದ್ಯ ಹೇಗಿರಬೇಕು ಎಂಬ ಅಧ್ಯಾಯದಲ್ಲಿ ಕರುಣೆಯನ್ನು ವೈದ್ಯನ ಅರ್ಹತೆಗಳಲ್ಲಿ ಒಂದಾಗಿ ಎಣಿಸಲಾಗಿದೆ. ಗರ್ಭ ಕಟ್ಟುವ ಅಧ್ಯಾಯದಲ್ಲಿ ತಂದೆತಾಯಿಯರ ಬೀಜದ ಜೊತೆಗೆ ಕರ್ಮ ತಳ್ಳಿಕೊಂಡು ಬಂದ ವಿಜ್ಞಾನವೂ, ಅಂದರೆ ಪ್ರಜ್ಞೆಯೂ, ಸೇರಬೇಕು ಎನ್ನುತ್ತದೆ. ಇದಕ್ಕಿಂತ ದೊಡ್ಡ ಕೊಡುಗೆ ಮಠಗಳದು. ಅನುವಾದಕರನ್ನು ಸಾಕಿದ್ದು, ಗ್ರಂಥಗಳನ್ನು ಮರದ ಅಚ್ಚಿನಲ್ಲಿ ಕೊರೆದು ಉಳಿಸಿದ್ದು, ಲಡಾಖ್‌ನಿಂದ ಮಂಗೋಲಿಯಾದವರೆಗೆ ಈ ವಿದ್ಯೆಯನ್ನು ಒಯ್ದದ್ದು ಮಠಗಳ ಜಾಲ. ನಮ್ಮಲ್ಲಿಯೂ ಇಂಥದ್ದು ನಡೆದಿದೆ. 9ನೇ ಶತಮಾನದ ಜೈನಮುನಿ ಉಗ್ರಾದಿತ್ಯ ತನ್ನ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಜೇನನ್ನು ದೂರವಿಟ್ಟು ವೈದ್ಯವನ್ನು ಅಹಿಂಸೆಯ ಚೌಕಟ್ಟಿಗೆ ಒಗ್ಗಿಸಿದ. ವೈದ್ಯವು ತಾನು ಬೆಳೆದ ಮನೆಯ ಧರ್ಮದ ಬಣ್ಣ ಪಡೆಯುವುದು ಸಹಜ.

ಆದರೆ ಈ ಸಂಬಂಧದಲ್ಲಿ ಮೊದಲಿನಿಂದಲೂ ಒಂದು ಎಳೆದಾಟ ಇತ್ತು. ಅದನ್ನು ತಿಳಿದುಕೊಂಡರೆ ಪಕ್ಕದ ಮನೆಯವರ ಭಯಕ್ಕೆ ಉತ್ತರ ಸಿಗುತ್ತದೆ. ಭಿಕ್ಷುಗಳ ನಿಯಮಗಳ ಸಂಗ್ರಹವಾದ ಪಾಲಿ ವಿನಯಪಿಟಕದಲ್ಲಿ ಔಷಧಗಳಿಗೇ ಒಂದು ಖಂಡವಿದೆ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಈ ಐದನ್ನು ಕಾಯಿಲೆಯ ಭಿಕ್ಷುಗಳು ಬಳಸಬಹುದೆಂದು ಅನುಮತಿ ಇದೆ. ಅತಿಸಾರದಿಂದ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧ ತಾನೇ ತೊಳೆದು ಮಲಗಿಸಿದ, ನನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎಂದ ಪ್ರಸಂಗವೂ ವಿನಯಪಿಟಕದಲ್ಲೇ ಬರುತ್ತದೆ. ಆದರೆ ಪಾಲಿ ಸುತ್ತಪಿಟಕದ ಬ್ರಹ್ಮಜಾಲ ಸುತ್ತವು ವೈದ್ಯ ಮಾಡಿ ಹೊಟ್ಟೆ ಹೊರೆಯುವುದನ್ನು ಭಿಕ್ಷುವಿಗೆ ತಕ್ಕದ್ದಲ್ಲದ ಜೀವನೋಪಾಯಗಳ ಸಾಲಿನಲ್ಲಿ ಇಡುತ್ತದೆ. ಮುಂದೆ ಮಹಾಯಾನದವರು ವಿದ್ಯೆಗಳನ್ನು ಐದಾಗಿ ವಿಂಗಡಿಸಿದರು: ಶಬ್ದ, ಹೇತು, ಶಿಲ್ಪ, ಚಿಕಿತ್ಸೆ, ಅಧ್ಯಾತ್ಮ. ಟಿಬೆಟಿಯರು ಅದನ್ನೇ ಅನುಸರಿಸಿದರು. ಗಮನಿಸಿ, ಧರ್ಮ ಎಂದರೆ ಐದನೆಯದು ಮಾತ್ರ. ಚಿಕಿತ್ಸೆ ವ್ಯಾಕರಣ, ತರ್ಕ, ಕುಶಲಕಲೆಗಳ ಪಂಕ್ತಿಯಲ್ಲಿ ಕುಳಿತಿದೆ. ಟಿಬೆಟಿ ವೈದ್ಯಕ್ಕಿರುವ ‘ಸೋವಾ ರಿಗ್ಪಾ’ ಎಂಬ ಹೆಸರಿನ ಅರ್ಥವೂ ಗುಣಪಡಿಸುವ ವಿದ್ಯೆ ಎಂದಷ್ಟೇ. ವ್ಯಾಕರಣ ಕಲಿತ ಮಾತ್ರಕ್ಕೆ ಯಾರೂ ಮತಾಂತರವಾಗುವುದಿಲ್ಲ. ಚಿಕಿತ್ಸೆಯದೂ ಹಾಗೆಯೇ ಎಂದು ಬೌದ್ಧರ ಪಠ್ಯಕ್ರಮವೇ ಹೇಳಿದೆ.

ಎಳೆದಾಟ ತೀವ್ರವಾಗಿ ಕಂಡದ್ದು ದೇಹದ ವಿಷಯದಲ್ಲಿ. ತಾಂತ್ರಿಕ ಯೋಗದ ಗ್ರಂಥಗಳು ದೇಹದ ನಡುವೆ ಒಂದು ಮಧ್ಯನಾಡಿ, ಅದರ ಎರಡು ಬದಿಗೆ ಎರಡು ನಾಡಿಗಳು ಇವೆ ಎಂದು ವರ್ಣಿಸುತ್ತವೆ. ನಮ್ಮ ಸುಷುಮ್ನಾ, ಇಡಾ, ಪಿಂಗಳಾ ನೆನಪಿಸಿಕೊಳ್ಳಿ. ಟಿಬೆಟಿನಲ್ಲಿ ಹೆಣವನ್ನು ಹದ್ದುಗಳಿಗೆ ಕತ್ತರಿಸಿ ಹಾಕುವ ಪದ್ಧತಿ ಇದ್ದುದರಿಂದ ವೈದ್ಯರಿಗೆ ದೇಹದ ಒಳಭಾಗವನ್ನು ಕಣ್ಣಾರೆ ನೋಡುವ ಅವಕಾಶವಿತ್ತು. ಅಲ್ಲಿ ಆ ಮಧ್ಯನಾಡಿ ಕಾಣಿಸಲಿಲ್ಲ. ಗ್ರಂಥ ತಪ್ಪು ಎನ್ನುವಂತಿಲ್ಲ, ಕಣ್ಣು ಸುಳ್ಳು ಎನ್ನುವಂತಿಲ್ಲ. ಅದು ಸತ್ತ ದೇಹದಲ್ಲಿ ಉಳಿಯುವುದಿಲ್ಲವೇ, ಸಾಧಕನಿಗಷ್ಟೇ ಗೋಚರವೇ, ಬೆನ್ನುಹುರಿಯನ್ನೇ ಹಾಗೆ ಕರೆದರೇ ಎಂಬ ಬಗೆಬಗೆಯ ವಾದಗಳನ್ನು ವೈದ್ಯರು ಬರೆದರು. ಝುರ್ಖಾರ್ ಕೂಡ ಈ ಗಂಟನ್ನು ಬಿಡಿಸಲು ಹೆಣಗಿದ. 17ನೇ ಶತಮಾನದ ಕೊನೆಯಲ್ಲಿ ಐದನೆಯ ದಲೈಲಾಮಾರ ಆಡಳಿತಾಧಿಕಾರಿ ದೇಸಿ ಸಾಂಗ್ಯೆ ಗ್ಯಾತ್ಸೊ ಗ್ಯೂಶಿಗೆ ‘ನೀಲ ವೈಡೂರ್ಯ’ ಎಂಬ ವ್ಯಾಖ್ಯಾನ ಬರೆದು, ಅದನ್ನು ಕಲಿಸಲು 79 ಚಿತ್ರಪಟಗಳನ್ನು ಮಾಡಿಸಿದಾಗ, ಚಿತ್ರಕಾರನೊಬ್ಬ ಹೆಣಗಳನ್ನು ನೋಡಿಯೇ ಅಂಗರಚನೆಯನ್ನು ಬಿಡಿಸಿದ. ಬುದ್ಧನ ಹೆಸರಿನ ನೆರಳಲ್ಲೇ ಕಣ್ಣಿನ ಸಾಕ್ಷಿಗೆ ಬೆಲೆ ಕೊಟ್ಟ ಈ ವೈದ್ಯರ ಬಗ್ಗೆ ನನಗೆ ಅಪಾರ ಗೌರವವಿದೆ.

ಅದೇ ದೇಸಿ 1696ರಲ್ಲಿ ಲಾಸಾದ ಕಬ್ಬಿಣದ ಬೆಟ್ಟದ ಮೇಲೆ ಚಾಕ್ಪೋರಿ ವೈದ್ಯವಿದ್ಯಾಲಯ ಕಟ್ಟಿಸಿದ. ಅಲ್ಲಿಂದ ಮುಂದೆ ವೈದ್ಯ ಮತ್ತು ಧರ್ಮಪ್ರಭುತ್ವ ಬಿಗಿಯಾಗಿ ಹೆಣೆದುಕೊಂಡವು. ಅದಕ್ಕೂ ಮೊದಲು ಬಹುಪಾಲು ವೈದ್ಯ ಮನೆತನಗಳಲ್ಲಿ ಅಪ್ಪನಿಂದ ಮಗನಿಗೆ ಇಳಿದು ಬರುತ್ತಿತ್ತು. 1916ರಲ್ಲಿ ಹದಿಮೂರನೆಯ ದಲೈಲಾಮಾರ ಕಾಲದಲ್ಲಿ ವೈದ್ಯ ಮತ್ತು ಜ್ಯೋತಿಷದ ಸಂಸ್ಥೆ ಮೆನ್‌ತ್ಸಿಖಾಂಗ್ ಲಾಸಾದಲ್ಲಿ ಆರಂಭವಾಯಿತು. 1959ರಲ್ಲಿ ಚಾಕ್ಪೋರಿ ನೆಲಸಮವಾಯಿತು. 1961ರಲ್ಲಿ ಮೆನ್‌ತ್ಸಿಖಾಂಗ್ ಧರ್ಮಶಾಲೆಯಲ್ಲಿ ಮತ್ತೆ ತಲೆಯೆತ್ತಿತು. ಬೈಲುಕುಪ್ಪೆಗೆ, ಮುಂಡಗೋಡಿಗೆ ಈ ವೈದ್ಯ ಬಂದದ್ದು ಆ ನಿರಾಶ್ರಿತರ ಜೊತೆಯಲ್ಲಿ. ಒಂದು ಕಡೆ ಚೀನಾದ ಆಳ್ವಿಕೆಯಲ್ಲಿ ಉಳಿದ ವೈದ್ಯದಿಂದ ಧರ್ಮದ ಅಂಶವನ್ನು ಕಳಚಿಹಾಕುವ ಒತ್ತಡ, ಇನ್ನೊಂದು ಕಡೆ ಊರು ಕಳೆದುಕೊಂಡವರಿಗೆ ಅದೇ ಅಂಶ ತಮ್ಮ ಗುರುತಾಗಿ ಇನ್ನಷ್ಟು ಆಪ್ತ. ಇಂದು ನಿಮ್ಮ ಕಣ್ಣಿಗೆ ಬೀಳುವ ಧರ್ಮದ ಗಾಢ ಬಣ್ಣಕ್ಕೆ ಈ ನೋವಿನ ಚರಿತ್ರೆಯೂ ಒಂದು ಕಾರಣ.

ಮತ ಬದಲಾಗುವ ಪ್ರಶ್ನೆಗೆ ಒಂದು ಉದಾಹರಣೆ ಸಾಕು. 19ನೇ ಶತಮಾನದ ಕೊನೆಯಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಟಿಬೆಟಿ ವೈದ್ಯವನ್ನು ಪ್ರಸಿದ್ಧಗೊಳಿಸಿದ ಪ್ಯೋತರ್ ಬದ್ಮಾಯೆವ್ ಬುರ್ಯಾತ್ ಜನಾಂಗದವನು, ಕ್ರೈಸ್ತಧರ್ಮಕ್ಕೆ ಸೇರಿದವನು. ಗ್ಯೂಶಿಯನ್ನು ರಷ್ಯನ್ ಭಾಷೆಗೆ ತಂದ, ರೋಗಿಗಳನ್ನು ನೋಡಿದ, ಚರ್ಚಿಗೂ ಹೋದ. ಭಾರತದಲ್ಲಿ 2010ರ ಕಾನೂನು ತಿದ್ದುಪಡಿಯಿಂದ ಸೋವಾ ರಿಗ್ಪಾ ಆಯುರ್ವೇದ, ಸಿದ್ಧ, ಯುನಾನಿಗಳ ಸಾಲಿನಲ್ಲಿ ಮಾನ್ಯತೆ ಪಡೆದ ವೈದ್ಯಪದ್ಧತಿ. ಅಲ್ಲಿ ಔಷಧ ಪಡೆಯಲು ಯಾರೂ ನಿಮ್ಮ ಅತ್ತೆಯವರ ದೇವರನ್ನು ಕೇಳುವುದಿಲ್ಲ. ಗ್ಯೂಶಿಯ ತನಾದುಕ್ ನಗರದ ಸಭೆಯಲ್ಲಿ ಬೌದ್ಧರಷ್ಟೇ ಕುಳಿತಿಲ್ಲ. ಅಶ್ವಿನೀದೇವತೆಗಳು, ಆತ್ರೇಯ, ಧನ್ವಂತರಿ, ಬ್ರಹ್ಮ, ವಿಷ್ಣು, ಮಹಾದೇವರೂ ಅಲ್ಲಿದ್ದಾರೆ, ಮತ್ತು ಪ್ರತಿಯೊಂದು ಗುಂಪಿಗೂ ಉಪದೇಶ ತಮ್ಮ ತಮ್ಮ ಪರಂಪರೆಯದೇ ಎಂಬಂತೆ ಕೇಳಿಸಿತು ಎಂದು ಗ್ರಂಥ ಹೇಳುತ್ತದೆ. ಅತ್ತೆಯವರು ಮಂತ್ರದ ಜಾಗದಲ್ಲಿ ಮನೆದೇವರ ಹೆಸರು ಹೇಳಿಕೊಂಡರೆ ಯಾವ ಲೋಪವೂ ಇಲ್ಲ. ಏನೂ ಹೇಳದಿದ್ದರೂ ಇಲ್ಲ.

ಪೂರ್ವಜನ್ಮದ ಕರ್ಮ ಎಂಬ ಮಾತು ಮಾತ್ರ ನನಗೆ ಸಂಕಟ ತಂದಿತು. ವರ್ಷಗಟ್ಟಲೆ ನೋವುಂಡ ಹೆಣ್ಣುಮಗಳೊಬ್ಬರಿಗೆ ಇದು ನಿನ್ನದೇ ಪಾಪ ಎಂದು ಹೇಳುವುದು ಕ್ರೌರ್ಯ, ಹೇಳಿದವರ ಉದ್ದೇಶ ಹಾಗಿರದಿದ್ದರೂ. ಬುದ್ಧನ ಹೆಸರಿನಲ್ಲಿ ಅದನ್ನು ಹೇಳುವಂತೆಯೂ ಇಲ್ಲ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಇದನ್ನೇ ಕೇಳುತ್ತಾನೆ: ಎಲ್ಲ ಸುಖದುಃಖಗಳೂ ಹಿಂದೆ ಮಾಡಿದ್ದರ ಫಲವೇ? ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ. ಪಿತ್ತ, ಕಫ, ವಾತ, ಅವುಗಳ ಕೂಟ, ಋತುಬದಲಾವಣೆ, ಅಪಥ್ಯ, ಪೆಟ್ಟು, ಕೊನೆಯಲ್ಲಿ ಎಂಟನೆಯದಾಗಿ ಕರ್ಮ. ಎಲ್ಲವೂ ಕರ್ಮವೇ ಎನ್ನುವವರ ಮಾತು ತಪ್ಪು ಎಂದು ನೇರವಾಗಿ ಹೇಳುತ್ತಾನೆ. ಗ್ಯೂಶಿ ಸಹ ರೋಗಗಳನ್ನು 404 ಎಂದು ಎಣಿಸಿ ನಾಲ್ಕು ಗುಂಪು ಮಾಡುತ್ತದೆ. ಹಿಂದಿನ ಜನ್ಮದ ಕರ್ಮಕ್ಕೆ ಸೇರಿದ್ದು ಅವುಗಳಲ್ಲಿ 101. ರುಮಟಾಯ್ಡ್ ಸಂಧಿವಾತ ದೇಹದ ರಕ್ಷಣಾವ್ಯವಸ್ಥೆ ತನ್ನದೇ ಕೀಲುಗಳ ಒಳಪದರದ ಮೇಲೆ ತಿರುಗಿಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅದಕ್ಕೆ ಪಾಪಪುಣ್ಯದ ಲೆಕ್ಕ ಗೊತ್ತಿಲ್ಲ.

ಈಗ ಔಷಧದ ಶಕ್ತಿಯ ಮಾತಿಗೆ ಬರೋಣ. ಟಿಬೆಟಿ ಔಷಧಿಗಳನ್ನು ಪೂಜೆಯಲ್ಲಿಟ್ಟು ಮಂತ್ರಿಸುವ ‘ಮೆನ್‌ಡ್ರುಪ್’ ಎಂಬ ವಿಧಿ ಇರುವುದು ನಿಜ. ಯುಥೋಕನ ಹೆಸರಿನಲ್ಲಿ ವೈದ್ಯರಿಗಾಗಿಯೇ ಒಂದು ಸಾಧನಾಕ್ರಮವೂ ಇದೆ. ನಂಬುವ ವೈದ್ಯನಿಗೆ ಅದು ಏಕಾಗ್ರತೆ ಕೊಡಬಹುದು, ನಂಬುವ ರೋಗಿಗೆ ಸಮಾಧಾನ ಕೊಡಬಹುದು. ಅದು ಗುಳಿಗೆಯನ್ನು ನಿರಪಾಯಕಾರಿ ಮಾಡುತ್ತದೆ ಎಂದುಕೊಳ್ಳುವುದು ಬೇರೆಯೇ ಮಾತು. ಅಷ್ಟಾಂಗಹೃದಯದ ಕೊನೆಯ ಅಧ್ಯಾಯದಲ್ಲಿ ವಾಗ್ಭಟ ಒಂದು ಪ್ರಶ್ನೆ ಎತ್ತುತ್ತಾನೆ. ವಾತಕ್ಕೆ ಎಣ್ಣೆ, ಪಿತ್ತಕ್ಕೆ ತುಪ್ಪ, ಕಫಕ್ಕೆ ಜೇನು ಹಿತ. ಇದನ್ನು ಬ್ರಹ್ಮನೇ ಹೇಳಲಿ, ಬ್ರಹ್ಮನ ಮಗ ಹೇಳಲಿ, ಮಂತ್ರವಲ್ಲದ ಈ ವಿಷಯದಲ್ಲಿ ಹೇಳಿದವರು ಯಾರೆಂಬುದರಿಂದ ಯಾವ ಶಕ್ತಿ ಹೆಚ್ಚುಕಡಿಮೆಯಾಗುತ್ತದೆ ಎನ್ನುತ್ತಾನೆ. ಇದೇ ವಾಗ್ಭಟ ಗ್ರಂಥದ ಮೊದಲ ಶ್ಲೋಕದಲ್ಲಿ ರಾಗಾದಿ ರೋಗಗಳನ್ನು ಅಳಿಸಿದ ‘ಅಪೂರ್ವ ವೈದ್ಯ’ನಿಗೆ ನಮಸ್ಕರಿಸಿದ್ದಾನೆ. ಆ ವೈದ್ಯ ಬುದ್ಧನೇ ಇರಬೇಕೆಂದು ಅನೇಕ ಪಂಡಿತರ ಊಹೆ. ಹಾಗೆ ಕೈಮುಗಿದವನೇ ಔಷಧದ ಗುಣವನ್ನು ಹೇಳಿದವರ ಹಿರಿಮೆಯಿಂದ ಬಿಡಿಸಿಟ್ಟ. ಟಿಬೆಟಿ ವೈದ್ಯದ ಬುನಾದಿಯಲ್ಲಿರುವುದು ಈ ಗ್ರಂಥ. ನಾನು ವೈದ್ಯವಿದ್ಯಾರ್ಥಿಯಾಗಿದ್ದಾಗ ಓದಿದ ಆ ಶ್ಲೋಕವನ್ನು ಇಂದಿಗೂ ಮೇಜಿನ ಗಾಜಿನಡಿ ಬರೆದಿಟ್ಟುಕೊಂಡಿದ್ದೇನೆ.

ಹಾಗೆ ಬಿಡಿಸಿಟ್ಟು ನೋಡಿದರೆ ಅತ್ತೆಯವರ ಕೈಯಲ್ಲಿ ಎರಡು ಬಗೆಯ ಗುಳಿಗೆಗಳಿವೆ. ಕಂದು ಗುಳಿಗೆಗಳು ಬಹುಮಟ್ಟಿಗೆ ಗಿಡಮೂಲಿಕೆಯ ಪುಡಿಯನ್ನು ಉಂಡೆಕಟ್ಟಿದಂಥವು. ರೇಷ್ಮೆಯಲ್ಲಿ ಸುತ್ತಿದ ರಿಂಚೆನ್, ಅಂದರೆ ರತ್ನ ಗುಳಿಗೆಗಳ ಕತೆಯೇ ಬೇರೆ. ಅವುಗಳಲ್ಲಿ ಕೆಲವಕ್ಕೆ ‘ತ್ಸೋಥೆಲ್’ ಸೇರಿಸುತ್ತಾರೆ. ಅದು ಶುದ್ಧಿ ಮಾಡಿದ ಪಾದರಸದ ಭಸ್ಮ, ಜೊತೆಗೆ ಇತರ ಲೋಹಗಳು, ಖನಿಜಗಳು. 13ನೇ ಶತಮಾನದಲ್ಲಿ ಒರ್ಗ್ಯೆನ್ಪ ಎಂಬ ಸಿದ್ಧಪುರುಷ ಟಿಬೆಟಿಗೆ ತಂದನೆನ್ನುವ ಈ ವಿದ್ಯೆ ಪಾದರಸ, ಲೋಹಗಳಿಂದ ಮದ್ದು ಮಾಡುವ ನಮ್ಮ ರಸಶಾಸ್ತ್ರದ ಬಳಗದ್ದು. ಗಂಧಕದೊಂದಿಗೆ ಕೂಡಿದ ಪಾದರಸ ನೀರಿನಲ್ಲಿ ಕರಗುವುದು ತೀರ ಕಡಿಮೆ ಎಂಬುದು ನಿಜ. ಕಡಿಮೆ ಎಂದರೆ ಸೊನ್ನೆ ಎಂದಲ್ಲ. ಪಾದರಸ ಮೊದಲು ಪೆಟ್ಟು ಕೊಡುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು. ಮೆಥೊಟ್ರೆಕ್ಸೇಟ್ ದೇಹದಿಂದ ಹೊರಹೋಗುವುದು ಅದೇ ಮೂತ್ರಪಿಂಡದ ಮೂಲಕ. ಅದು ಸೋತರೆ ಮೆಥೊಟ್ರೆಕ್ಸೇಟ್ ದೇಹದಲ್ಲಿ ಉಳಿದು ರಕ್ತಕಣಗಳನ್ನು ಕುಗ್ಗಿಸಬಹುದು. ನನ್ನ ಪದ್ಧತಿಯ ರಸೌಷಧಗಳಿಗೂ ನಾನು ಇದೇ ಎಚ್ಚರಿಕೆ ಹೇಳುತ್ತೇನೆ. ಆದ್ದರಿಂದ ಪರಿಚಯದವರು ಪ್ರೀತಿಯಿಂದ ತಂದುಕೊಟ್ಟ ಆ ಎರಡು ಗುಳಿಗೆಗಳನ್ನು ದೇವರ ಮನೆಯಲ್ಲಿ ಇಡಬೇಕೆನಿಸಿದರೆ ಇಡಿ, ನುಂಗಿಸಬೇಡಿ. ರತ್ನಗುಳಿಗೆಯನ್ನು ರೋಗಿಯನ್ನು ನೋಡಿ ಕೊಡಬೇಕಾದವರು ವೈದ್ಯರು, ಪರಿಚಯದವರಲ್ಲ. ಬೈಲುಕುಪ್ಪೆಯ ವೈದ್ಯರೂ ಇದನ್ನು ಒಪ್ಪುತ್ತಾರೆಂದು ನನಗೆ ನಂಬಿಕೆಯಿದೆ.

ಕಂದು ಗುಳಿಗೆಗಳ ವಿಷಯದಲ್ಲಿ ನಿಮ್ಮ ಮುಂದೆ ಮೂರು ದಾರಿಗಳಿವೆ. ಟಿಬೆಟಿ ಔಷಧವನ್ನೇ ನೆಚ್ಚಿ ಮೆಥೊಟ್ರೆಕ್ಸೇಟ್ ಬಿಡುವುದು ಮೊದಲನೆಯದು, ಮತ್ತು ಅತ್ಯಂತ ಅಪಾಯದ್ದು. ಈ ಕಾಯಿಲೆಯಲ್ಲಿ ನೋವು ಕಡಿಮೆಯಾಗುವುದೂ ಕೀಲು ಸವೆಯುವುದು ನಿಲ್ಲುವುದೂ ಒಂದೇ ಅಲ್ಲ. ನೋವಿಲ್ಲದೆಯೂ ಮೂಳೆ ತಿನ್ನಿಸಿಕೊಳ್ಳುತ್ತಿರಬಹುದು. ಬಾಗಿದ ಬೆರಳು ಮತ್ತೆ ನೆಟ್ಟಗಾಗುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಬಹಳ ವರ್ಷಗಳ ಹಿಂದೆ ನನ್ನ ಬಳಿ ಕಷಾಯಕ್ಕೆ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು, ನನ್ನ ಮೇಲಿನ ನಂಬಿಕೆಯಿಂದಲೇ ಇಂಗ್ಲಿಷ್ ಔಷಧಿಯನ್ನು ಗುಟ್ಟಾಗಿ ಬಿಟ್ಟಿದ್ದರು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಒಂದು ವರ್ಷದ ಮೇಲೆ ಅವರು ಲೋಟ ಹಿಡಿಯಲು ಪಡುತ್ತಿದ್ದ ಪಾಡು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಬೇರೆ ಏನೇನು ಔಷಧ ನಡೆಯುತ್ತಿದೆ ಎಂದು ಕೇಳದೆ ನಾನು ಚೀಟಿ ಬರೆದಿಲ್ಲ.

ಎರಡನೆಯ ದಾರಿ ಟಿಬೆಟಿ ಔಷಧವನ್ನು ಪೂರ್ತಿ ನಿಲ್ಲಿಸುವುದು. ಔಷಧಗಳ ನಡುವಿನ ತಿಕ್ಕಾಟದ ಅನುಮಾನ ಇದರಿಂದ ಇಲ್ಲವಾಗುತ್ತದೆ. ಆದರೆ ಬೆಳಗಿನ ಬಿಗಿತ ಕಡಿಮೆಯಾಯಿತು ಎನ್ನುವ ಅತ್ತೆಯವರ ಅನುಭವವನ್ನು ಮನೆಯವರು ತಳ್ಳಿಹಾಕಿದಂತಾಗುತ್ತದೆ. ಹಾಗೆ ಬಲವಂತದಿಂದ ನಿಲ್ಲಿಸಿದ ಔಷಧ ಮತ್ತೆ ಗುಟ್ಟಿನಲ್ಲಿ ಆರಂಭವಾಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಗುಟ್ಟಿನ ಔಷಧ ಗೊತ್ತಿರುವ ಔಷಧಕ್ಕಿಂತ ಹೆಚ್ಚು ಅಪಾಯ.

ಮೂರನೆಯದು ಎರಡನ್ನೂ ಬೆಳಕಿನಲ್ಲಿಟ್ಟು ನಡೆಸುವುದು. ನನ್ನ ಒಲವು ಇದರ ಕಡೆಗೆ, ಆದರೆ ಮೈಸೂರಿನ ವೈದ್ಯರು ಒಪ್ಪಿದರೆ ಮಾತ್ರ. ಮೂಲಿಕೆಗಳೂ ಯಕೃತ್ತಿಗೆ ಭಾರವಾಗಬಹುದು, ಟಿಬೆಟಿ ಮತ್ತು ಆಯುರ್ವೇದದ ಕೆಲವು ಯೋಗಗಳಲ್ಲಿ ವತ್ಸನಾಭಿಯ ಜಾತಿಯ ವಿಷಮೂಲಿಕೆಗಳೂ ಇರುತ್ತವೆ. ಬೈಲುಕುಪ್ಪೆಯ ವೈದ್ಯರಿಂದ ಗುಳಿಗೆಗಳ ಹೆಸರು, ಲೋಹ ಅಥವಾ ಪಾದರಸ ಇದೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಮೈಸೂರಿನ ಚೀಟಿಯನ್ನು ಅವರಿಗೂ ತೋರಿಸಿ. ರಕ್ತಕಣ, ಯಕೃತ್ತು, ಮೂತ್ರಪಿಂಡದ ಪರೀಕ್ಷೆಗಳನ್ನು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಹೇಗೂ ಆಗಾಗ ಮಾಡಿಸಲೇಬೇಕು, ಈಗ ತಡಮಾಡದೆ ಮಾಡಿಸಿ. ವರದಿ ಬರುವವರೆಗೆ ಕಂದು ಗುಳಿಗೆಗಳು ಪಕ್ಕಕ್ಕಿರಲಿ. ಬಾಯಿಹುಣ್ಣು, ಜ್ವರ, ಕಣ್ಣು ಹಳದಿಯಾಗುವುದು, ಒಣಕೆಮ್ಮು, ಏದುಸಿರು, ಮೂತ್ರ ಕಡಿಮೆಯಾಗುವುದು ಕಂಡರೆ ಯಾವ ಔಷಧದಿಂದ ಎಂದು ಚರ್ಚಿಸುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ, ಮೊದಲೇ ಫೋನ್ ಮಾಡಲು ಹೇಳಿದ ಕಾರಣ. ಮೂರು ವಾರ ತಪ್ಪಿದೆ ಎಂಬ ಗಾಬರಿಯಲ್ಲಿ ಮೂರು ಭಾನುವಾರದ ಗುಳಿಗೆಗಳನ್ನು ಒಟ್ಟಿಗೆ ನುಂಗಿಸಬೇಡಿ, ದಿನಕ್ಕೊಂದರಂತೆಯೂ ಕೊಡಬೇಡಿ. ವಾರಕ್ಕೊಮ್ಮೆಯ ಈ ಗುಳಿಗೆಯನ್ನು ದಿನವೂ ತೆಗೆದುಕೊಂಡು ಜೀವ ಕಳೆದುಕೊಂಡವರಿದ್ದಾರೆ. ಯಾವ ಭಾನುವಾರದಿಂದ, ಎಷ್ಟು ಪ್ರಮಾಣದಲ್ಲಿ ಮತ್ತೆ ಶುರುಮಾಡಬೇಕೆಂದು ಪರೀಕ್ಷೆಯ ವರದಿ ನೋಡಿ ಮೈಸೂರಿನ ವೈದ್ಯರೇ ಹೇಳಲಿ. ಅವರು ಹೇಳಿದ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅತ್ತೆಯವರ ಕೈಯಿಂದಲೇ ಗುರುತು ಹಾಕಿಸಿ.